ಸಮೀಕರಣದಲ್ಲಿ ಇಲ್ಲದ ಇಲಿ

ಪ್ರಶ್ನೆ: ಮಗಳು ದಾವಣಗೆರೆಯಲ್ಲಿ ಗಣಿತ ಎಂ.ಎಸ್ಸಿ. ಓದುತ್ತಿದ್ದಾಳೆ. ಪಿಯುಸಿಯಲ್ಲಿ ಪಿಸಿಎಂಬಿ ಇತ್ತು, ಡಿಗ್ರಿಗೆ ಬಂದಾಗ ಜೀವಶಾಸ್ತ್ರ ಕೈಬಿಟ್ಟಳು. ಈಗ ರೋಗ ಹರಡುವುದರ ಮೇಲೆ ಗಣಿತ ಬಳಸಿ ಸಂಶೋಧನೆ ಮಾಡುತ್ತೇನೆ ಅನ್ನುತ್ತಾಳೆ. ಆಗುವ ಮಾತೇ? ಏನು ತಯಾರಿ ಬೇಕು?
– ಓದುಗರೊಬ್ಬರು, ಬಾತಿ

ಉತ್ತರ: ಖಂಡಿತ ಆಗುವ ಮಾತು. ತಯಾರಿ ಎಂದರೆ ಇನ್ನಷ್ಟು ಗಣಿತ ಕಲಿಯುವುದು ಎಂದು ಹಲವರು ತಿಳಿಯುತ್ತಾರೆ. ಅದೂ ಬೇಕು, ಆದರೆ ಮೊದಲು ಬೇಕಾದದ್ದು ಬೇರೆ.

1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬಿಬ್ಬರು ಸಾಂಕ್ರಾಮಿಕ ರೋಗಗಳಿಗೊಂದು ಗಣಿತ ರೂಪಿಸಿದರು. ಕರ್ಮ್ಯಾಕ್ ರಸಾಯನಶಾಸ್ತ್ರದವರು. ಮೆಕೆಂಡ್ರಿಕ್ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ದುಡಿದಿದ್ದ ವೈದ್ಯರು. ರೋಗ ತಗಲಬಹುದಾದವರು, ತಗಲಿದವರು, ಗುಣವಾದವರು ಇಲ್ಲವೇ ತೀರಿಕೊಂಡವರು ಎಂದು ಜನರನ್ನು ಮೂರು ಗುಂಪು ಮಾಡುವ ಆ ಲೆಕ್ಕವೇ ಕೋವಿಡ್ ಕಾಲದಲ್ಲಿ ನಾವು ನೋಡಿದ ಏರಿಳಿಯುವ ರೇಖೆಗಳ ಹಿಂದಿತ್ತು. ಅದನ್ನು ಅವರು ಒರೆಗೆ ಹಚ್ಚಿದ್ದು 1905–06ರ ಮುಂಬಯಿ ಪ್ಲೇಗಿನ ಸಾವುಗಳ ಮೇಲೆ. ರೇಖೆ ಅಂಕಿಗಳಿಗೆ ಸೊಗಸಾಗಿ ಹೊಂದಿತು. ಆದರೆ ಆ ಪ್ಲೇಗ್ ಬಂದದ್ದು ಇಲಿ, ಚಿಗಟಗಳಿಂದ. ಸಮೀಕರಣದಲ್ಲಿ ಇಲಿಯೂ ಇಲ್ಲ, ಋತುವೂ ಇಲ್ಲ. ಈ ಮಿತಿ ಅವರಿಬ್ಬರಿಗೂ ಗೊತ್ತಿತ್ತು; ಆ ರೇಖೆಯನ್ನು ಪಠ್ಯಪುಸ್ತಕದಲ್ಲಿ ನೋಡಿ ಕಲಿತವರು ಮರೆತರು. ಅಂಕಿಗೆ ರೇಖೆ ಹೊಂದಿದ ಮಾತ್ರಕ್ಕೆ ಕಾರಣ ಸಿಕ್ಕಿತೆಂದಲ್ಲ.

ನಿಮ್ಮ ಪಕ್ಕದ ಜಿಲ್ಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮೂರು ಗುಂಪಿನ ಸಮೀಕರಣವನ್ನು ಊರಿನ ಜನರ ಮೇಲೆ ಹಾಗೇ ಹಾಕಿದರೆ ಲೆಕ್ಕದ ಬುಡವೇ ತಪ್ಪಿತು. ಮಳೆಗಾಲ ಮುಗಿದ ಮೇಲೆ ಎಳೆಯ ಉಣುಗುಗಳು ಹೆಚ್ಚುವುದು, ಮೇಯಲು ಹೋದ ದನಗಳು ಅವುಗಳಿಗೆ ಆಹಾರವಾಗುವುದು, ಸೌದೆ, ದರಗು ತರಲು ಜನ ಕಾಡಂಚಿಗೆ ಹೋಗುವುದು, ಇವೆಲ್ಲ ಲೆಕ್ಕದೊಳಗೆ ಬರಬೇಕು. ಇವನ್ನು ಹೇಳಬಲ್ಲವರು ಕೀಟಶಾಸ್ತ್ರಜ್ಞರು, ಪಶುವೈದ್ಯರು, ಆಶಾ ಕಾರ್ಯಕರ್ತೆಯರು. ಅವರ ಮಾತಿಗೆ ಕಿವಿಗೊಟ್ಟು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸುವುದೇ ಈ ಕೆಲಸದ ಕಷ್ಟದ ಭಾಗ. ಅದು ಪರೀಕ್ಷೆಗೆ ಓದಿ ಬರುವಂಥದ್ದಲ್ಲ.

ಇಂಥ ಕೂಡುಕೆಲಸ ನಮ್ಮಲ್ಲೇ ನಡೆದಿದೆ. 2020ರಲ್ಲಿ ಸೋಂಕು ಎಷ್ಟು ಜನರಿಗೆ ತಗಲಿದೆ ಎಂದು ಅಳೆಯುವ ಕರ್ನಾಟಕದ ಕೋವಿಡ್ ಸಮೀಕ್ಷೆ ನಡೆದಾಗ ಸಾಂಕ್ರಾಮಿಕ ರೋಗತಜ್ಞ ಗಿರಿಧರ ಬಾಬು ಅವರೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ರಾಜೇಶ್ ಸುಂದರೇಶನ್, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಶಿವ ಆತ್ರೇಯ ಕೆಲಸ ಮಾಡಿದರು. ರಕ್ತದ ಮಾದರಿ ಕೊಟ್ಟವರಲ್ಲಿ ತಪಾಸಣೆಗೆ ಬಂದ ಗರ್ಭಿಣಿಯರೂ ಇದ್ದರು. ಆರೋಗ್ಯವಂತರು ಆಸ್ಪತ್ರೆಯಲ್ಲಿ ಎಲ್ಲಿ ಸಿಗುತ್ತಾರೆ ಎಂಬುದು ವೈದ್ಯರ ತಿಳಿವು. ಅಷ್ಟರಿಂದ ಇಡೀ ರಾಜ್ಯಕ್ಕೆ ಏನು ಹೇಳಬಹುದು ಎಂಬುದು ಗಣಿತದವರ ಕೆಲಸ.

ಇನ್ನು ಗಣಿತದ ಪಾಲು. ಅವಕಲ ಸಮೀಕರಣ, ರೇಖೀಯ ಬೀಜಗಣಿತ ಅವಳಿಗೆ ಬಂದಿರುತ್ತವೆ. ಸಂಭಾವ್ಯತೆ, ಸಂಖ್ಯಾಶಾಸ್ತ್ರ ಗಟ್ಟಿಯಾಗಲಿ. ಕಂಪ್ಯೂಟರ್ ಭಾಷೆಗಳಲ್ಲಿ ಪೈಥಾನ್ ಅಥವಾ ಆರ್, ಒಂದು ಸಾಕು.

ಮುಂದಿನ ದಾರಿ ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಿತ ವಿಜ್ಞಾನಗಳ ಅಂತರಶಾಸ್ತ್ರೀಯ ಪಿಎಚ್‌ಡಿ ಇದೆ. ಅಲ್ಲಿನ ಪರಿಸರ ವಿಜ್ಞಾನ ಕೇಂದ್ರದಲ್ಲಿ ವಿಶ್ವೇಶ ಗುತ್ತಲ್ ಅವರಂಥವರು ಪ್ರಾಣಿಗುಂಪುಗಳ ಚಲನೆಗೂ ಪರಿಸರದ ಹಠಾತ್ ಪಲ್ಲಟಗಳಿಗೂ ಗಣಿತ ಹಚ್ಚುತ್ತಾರೆ. ಹೆಸರಘಟ್ಟ ಕಡೆಯ ಸಂಶೋಧನಾ ಕೇಂದ್ರ ಐಸಿಟಿಎಸ್, ವಿಕಾಸ ಮತ್ತು ತಳಿಶಾಸ್ತ್ರದ ಮೇಲೆ ಶಿಬಿರ ನಡೆಸುತ್ತದೆ. ವಿದ್ಯಾರ್ಥಿಯಾಗಿರುವಾಗಲೇ ಅರ್ಜಿ ಹಾಕಲಿ.

ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಆವರಣದಲ್ಲಿ ಗಣಿತವೂ ಇದೆ, ಸೂಕ್ಷ್ಮಜೀವಿಶಾಸ್ತ್ರವೂ ಇದೆ. ಅಲ್ಲಿನ ಪ್ರಾಧ್ಯಾಪಕರನ್ನು ಕೇಳಿಕೊಂಡು ವಾರಕ್ಕೊಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಕೂರಲಿ. ಬ್ಯಾಕ್ಟೀರಿಯಾ ಗಂಟೆಗಂಟೆಗೆ ಬೆಳೆಯುವುದನ್ನು ತಾನೇ ಅಳೆದು, ತನಗೆ ಗೊತ್ತಿರುವ ಬೆಳವಣಿಗೆಯ ಸಮೀಕರಣದೊಂದಿಗೆ ಹೋಲಿಸಲಿ. ಎಲ್ಲಿ ಹೊಂದಲಿಲ್ಲವೋ ಅಲ್ಲಿಂದ ಅವಳ ಮೊದಲ ಸಂಶೋಧನಾ ಪ್ರಶ್ನೆ ಹುಟ್ಟಬಹುದು.