ಕಪ್ಪಗೆ ಕಂಡದ್ದೆಲ್ಲ ನೀರಲ್ಲ

ರೆಟಿನಾದ ನಟ್ಟನಡುವಿನ ಪುಟ್ಟ ಜಾಗ ಮ್ಯಾಕುಲಾ. ಅಕ್ಷರ ಓದುವುದು, ಎದುರಿನವರ ಮುಖ ಗುರುತಿಸುವುದು ಅದರ ಬಲದಿಂದಲೇ. ಕಣ್ಣನ್ನು ಮುಟ್ಟದೆ, ಬರೀ ಬೆಳಕಿನಿಂದ ಅದರ ಪದರಗಳನ್ನು ಬಿಡಿಸಿ ತೋರಿಸುವುದು ಓಸಿಟಿ ಸ್ಕ್ಯಾನ್. 1991ರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಫ್ಯುಜಿಮೋಟೊ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ರೆಟಿನಾ ವಿಭಾಗದಲ್ಲಿ ದಿನವೂ ಈ ಚಿತ್ರಗಳನ್ನು ನೋಡುತ್ತ ನಾನು ಕಲಿತದ್ದಿಷ್ಟು.

1. ಬಣ್ಣದ ನಕ್ಷೆಯೇ ವರದಿಯಲ್ಲ. ಅದರ ಹಸಿರು, ಹಳದಿ, ಕೆಂಪು ಎಲ್ಲವೂ ಯಂತ್ರ ತಾನೇ ಗೆರೆ ಎಳೆದು ಹಾಕಿದ ದಪ್ಪದ ಲೆಕ್ಕ. ಗೆರೆ ಬೇರೆ ಪದರಕ್ಕೆ ಜಾರಿದರೆ ಲೆಕ್ಕ ಕೆಡುತ್ತದೆ. ದೊಡ್ಡ ಮೈನಸ್ ನಂಬರಿನ ಕಣ್ಣಿಗೆ ರೋಗವಿಲ್ಲದೆಯೂ ಕೆಂಪು ಬೀಳಬಹುದು. ಕಪ್ಪುಬಿಳುಪಿನ ಅಡ್ಡಸೀಳು ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡುವುದೇ ನಿಜವಾದ ಓದು. ಸಣ್ಣ ರಂಧ್ರ ಒಂದೆರಡು ಸೀಳಿನಲ್ಲಷ್ಟೇ ಸಿಗುವುದುಂಟು.

2. ಈ ಚಿತ್ರಗಳಲ್ಲಿ ನೀರು ಕಪ್ಪಗೆ ಕಾಣುತ್ತದೆ, ಆದರೆ ಕಪ್ಪು ಕಂಡ ಕೂಡಲೇ ಕಣ್ಣಿಗೆ ಇಂಜೆಕ್ಷನ್ ಬರೆಯುವ ಆತುರ ಬೇಡ. ಸಕ್ಕರೆ ಕಾಯಿಲೆಯಲ್ಲಿ ಪದರಗಳ ನಡುವೆ ನೀರಿನ ಗುಳ್ಳೆಗಳೆದ್ದು ರೆಟಿನಾ ಊದಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಹೊಸ ರಕ್ತನಾಳ ಹುಟ್ಟಿ ಸೋರುತ್ತಿದ್ದರೆ ಇಂಜೆಕ್ಷನ್ ತಡಮಾಡುವಂತಿಲ್ಲ. ನಡುವಯಸ್ಸಿನವರ ರೆಟಿನಾದ ಅಡಿಯಲ್ಲಿ ಗುಮ್ಮಟದಂತೆ ನೀರು ನಿಂತಿದ್ದರೆ ನಾನು ಮೊದಲು ಕೇಳುವುದು ಸ್ಟೀರಾಯ್ಡ್ ವಿಷಯ. ಮಾತ್ರೆ ಇಲ್ಲವೆನ್ನುವವರು ಇನ್ಹೇಲರ್, ಚರ್ಮದ ಮುಲಾಮು ಮರೆತಿರುತ್ತಾರೆ. ಈ ನೀರು ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನೇ ಇಳಿಯುತ್ತದೆ. ಇನ್ನು ಮ್ಯಾಕ್‌ಟೆಲ್ ಎರಡನೇ ಬಗೆ ಎಂಬ ಮ್ಯಾಕುಲಾ ರೋಗದಲ್ಲಿ ಕಪ್ಪು ಪೊಳ್ಳುಗಳಿರುತ್ತವೆ, ಊತ ಇರುವುದಿಲ್ಲ. ಅಲ್ಲಿ ನೀರು ತುಂಬಿಲ್ಲ, ಅಂಗಾಂಶವೇ ಸವೆದಿದೆ. ಹೊಸ ರಕ್ತನಾಳ ಹುಟ್ಟದ ಹೊರತು ಅದಕ್ಕೆ ಇಂಜೆಕ್ಷನ್ ದಂಡ.

3. ಚಿತ್ರ ಚೆನ್ನಾಗಿದ್ದೂ ರೋಗಿ ಕಾಣುವುದಿಲ್ಲವೆಂದರೆ ರೋಗಿಯ ಮಾತನ್ನು ನಂಬಿ. ಸಕ್ಕರೆ ಕಾಯಿಲೆಯವರಲ್ಲಿ ಊತವಿಲ್ಲದೆಯೂ ಮ್ಯಾಕುಲಾಗೆ ರಕ್ತ ಸಾಲದೆ ಹೋಗಬಹುದು. ಇದನ್ನು ಓಸಿಟಿ ಆಂಜಿಯೋಗ್ರಫಿ ಬಣ್ಣದ ಔಷಧಿ ಚುಚ್ಚದೆಯೇ ತೋರಿಸುತ್ತದೆ. ಆದರೆ ಅದಕ್ಕೆ ರಕ್ತದ ಹರಿವು ಕಾಣುತ್ತದೆ, ಸೋರಿಕೆ ಕಾಣುವುದಿಲ್ಲ. ಸೋರಿಕೆ ನೋಡಲು ಇಂದಿಗೂ ಫ್ಲೋರೆಸಿನ್ ಎಂಬ ಆ ಬಣ್ಣದ ಔಷಧಿಯೇ ಬೇಕು. ಸೂರ್ಯಗ್ರಹಣವನ್ನು ಬರಿಗಣ್ಣಲ್ಲಿ ನೋಡಿದ್ದೀರಾ ಎಂದೂ ಕೇಳಿ. ಆ ಸುಟ್ಟ ಗುರುತು ಪದರವೊಂದರಲ್ಲಿ ಕೂದಲೆಳೆಯ ಬಿರುಕಿನಷ್ಟೇ ಇರುತ್ತದೆ.

4. ಚಿತ್ರ ಮಸುಕಾದರೆ ಯಂತ್ರವನ್ನು ಬೈಯುವ ಮೊದಲು ರೋಗಿಗೆ ಕಣ್ಣು ಮಿಟುಕಿಸಲು ಹೇಳಿ. ಒಣಗಿದ ಕಣ್ಣಿಗೆ ಎರಡು ಹನಿ ಡ್ರಾಪ್ಸ್ ಸಾಕು. ಪೊರೆ ಬಲಿತಿದ್ದರೆ ಮಾತ್ರ ಅದನ್ನು ತೆಗೆಯುವವರೆಗೆ ಚಿತ್ರ ತಿಳಿಯಾಗದು.

5. ಒಂದೇ ಕಣ್ಣಿಗೆ ಎರಡು ಕಂಪನಿಯ ಯಂತ್ರಗಳು ಹತ್ತಾರು ಮೈಕ್ರಾನ್ ವ್ಯತ್ಯಾಸ ಕೊಡುತ್ತವೆ, ಏಕೆಂದರೆ ಅವು ದಪ್ಪ ಅಳೆಯುವ ಕೆಳಗೆರೆ ಬೇರೆ ಬೇರೆ. ಹಾಗಾಗಿ ರೋಗಿಗಳೇ, ಆಸ್ಪತ್ರೆ ಬದಲಿಸಿದ ಮೇಲೆ ಸಂಖ್ಯೆ ಏರಿತೆಂದು ಗಾಬರಿಯಾಗಬೇಡಿ. ಬಣ್ಣದ ಪುಟದ ಫೋಟೊ ಒಂದನ್ನೇ ಮೊಬೈಲಿನಲ್ಲಿ ತರಬೇಡಿ. ಹಳೆಯ ಸ್ಕ್ಯಾನುಗಳ ಎಲ್ಲ ಚಿತ್ರಗಳನ್ನು ಕೇಳಿ ಪಡೆದು, ಫೈಲಿನಲ್ಲಿಟ್ಟು, ಪ್ರತಿ ಭೇಟಿಗೂ ಜೊತೆಗೆ ತನ್ನಿ.