ಕಿವಿಮೊರೆತ: ತೀವ್ರತೆಯ ಅಳತೆ ಮತ್ತು ಆರೈಕೆ

ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೆ ಗುಂಯ್ ಎನ್ನುವುದೇ ಕಿವಿಮೊರೆತ, ಅಂದರೆ ಟಿನ್ನಿಟಸ್. ಇದು ರೋಗವಲ್ಲ, ಲಕ್ಷಣ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಒಕ್ಕಣೆ ಯಂತ್ರ, ಗಿರಣಿಗಳ ಸದ್ದಿನಲ್ಲೇ ದುಡಿಯುವವರು ಇದನ್ನು ಖಂಡಿತ ಕಡೆಗಣಿಸಬಾರದು.

ಆಡಿಯೊಮೀಟರ್ ಶ್ರವಣದೋಷ ತೋರಿಸುತ್ತದೆ, ಸಂಕಟವನ್ನಲ್ಲ. ಸಂಕಟ ಅಳೆಯಲೆಂದೇ 1996ರಲ್ಲಿ ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ ಪ್ರಶ್ನಾವಳಿ ಬಂತು. ಪ್ರಶ್ನೆಗಳು 25, ‘ಹೌದು’ 4, ‘ಕೆಲವೊಮ್ಮೆ’ 2, ‘ಇಲ್ಲ’ 0, ಗರಿಷ್ಠ 100. ಅಂಕ 38–56 ಬಂದರೆ ಮಧ್ಯಮ, 78–100 ಬಂದರೆ ಅತಿ ತೀವ್ರ. ಅದೇ ಪ್ರಶ್ನಾವಳಿಯನ್ನು ಆಗಾಗ ತುಂಬಿಸಿದರೆ ವರ್ಷಗಳ ಏರಿಳಿತ ತಿಳಿಯುತ್ತದೆ.

ಪೂರ್ತಿ ಗುಣಪಡಿಸುವ ಮಾತ್ರೆಯಿಲ್ಲ. ಶ್ರವಣಸಾಧನ, ಧ್ವನಿಚಿಕಿತ್ಸೆ, ಆಪ್ತಸಮಾಲೋಚನೆ ನೆರವಾಗುತ್ತವೆ. ಒಂದೇ ಕಿವಿಯಲ್ಲಿ ಅಥವಾ ನಾಡಿಬಡಿತದಂತೆ ಕೇಳಿಸಿದರೆ ತಡಮಾಡದೆ ತಜ್ಞರಿಗೆ ತೋರಿಸಬೇಕು.