ರಿಸೆಸ್ ಕಳೆದುಕೊಳ್ಳಬೇಡಿ

ಬರೋಡಾದ ಫತೇಗಂಜ್‌ನಲ್ಲಿ ಓದುತ್ತಿರುವ ನಮ್ಮ ಕನ್ನಡದ ಮಕ್ಕಳೇ, ಈ ಅಜ್ಜನ ಒಂದು ಮಾತು ನಡೆಸಿಕೊಡಿ. ಶಾಲೆಗೆ ಹೊರಡುವಾಗ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿ.

ಶಾಲೆಗಳಲ್ಲಿ ಮೊಬೈಲಿಗೆ ಕಡಿವಾಣ ಹಾಕಿ ಎಂದು ಸಿಬಿಎಸ್‌ಇ 2009ರಲ್ಲೇ ಹೇಳಿತ್ತು. ಫ್ರಾನ್ಸ್ 2018ರಲ್ಲಿ ಕಾನೂನನ್ನೇ ತಂದಿತು. ಆದರೂ ಮೊಬೈಲು ಚೀಲದ ತಳದಲ್ಲಿ ಅಡಗಿ ಬರುತ್ತದೆ, ನನಗೆ ಗೊತ್ತು. ಒಮ್ಮೆ ಚದುರಿದ ಗಮನ ಮತ್ತೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಹಿಡಿಯಬಹುದು ಎನ್ನುತ್ತದೆ ಯುನೆಸ್ಕೊದ 2023ರ ವರದಿ. ಒಂದು ಮೆಸೇಜ್ ನೋಡಿದರೆ ಅರ್ಧ ಪಿರಿಯಡ್ ಹೋಯಿತು. ಗಣಿತದಲ್ಲಂತೂ ನಡುವಿನ ಎರಡು ಹೆಜ್ಜೆ ತಪ್ಪಿದರೆ ಮುಂದಿನದು ತಲೆಗೇ ಹತ್ತದು.

ಇದಕ್ಕಿಂತ ದೊಡ್ಡ ನಷ್ಟ ಬಿಡುವಿನ ಹೊತ್ತಿನದು. ನಾವು ಹೊರಗಿನಿಂದ ಬಂದವರು. ಗುಜರಾತಿ ನಿಮ್ಮ ನಾಲಿಗೆಗೆ ಹತ್ತುವುದು ರಿಸೆಸ್‌ನಲ್ಲಿ. ಚಿತ್ರಾನ್ನ ಕೊಟ್ಟು ಥೇಪ್ಲಾ ತಿಂದು, ಔಟೋ ನಾಟೌಟೋ ಎಂದು ಜಗಳವಾಡಿ, ಮರುಕ್ಷಣ ರಾಜಿಯಾಗಿ. ಉತ್ತರಾಯಣಕ್ಕೆ ಯಾರ ಮನೆಯ ತಾರಸಿಯಲ್ಲಿ ಪಟ ಹಾರಿಸುವುದು ಎಂದು ಗೊತ್ತಾಗುವುದೂ ಅಲ್ಲೇ. ಮೂಲೆಯಲ್ಲಿ ತಲೆ ತಗ್ಗಿಸಿ ರೀಲ್ಸ್ ನೋಡುತ್ತಿರುವವರನ್ನು ಯಾರು ಕರೆದಾರು?

ಇದೇ ಬರೋಡಾದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಇಡೀ ಸಂಸ್ಥಾನಕ್ಕೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು. ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಗೆ ದಂಡ ಬೀಳುತ್ತಿತ್ತು. ಅಷ್ಟು ಹಟದಿಂದ ಮಕ್ಕಳನ್ನು ತರಗತಿಗೆ ತಂದ ಊರು ಇದು. ಇಲ್ಲಿ ಬೆಂಚಿನ ಮೇಲೆ ಕೂತೂ ಗೈರುಹಾಜರಾಗುವುದು ನನಗೆ ಸಂಕಟ ತರುತ್ತದೆ.

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಪಾಠದ ಮಧ್ಯೆ ‘ಡಬ್ಬಿ ಖಾಲಿ ಮಾಡಿದೆಯಾ’ ಎಂದು ಮೆಸೇಜ್ ಹಾಕುವವರು ನೀವೇ ಅಲ್ಲವೇ? ನಿಜ, ಸಕ್ಕರೆ ಕಾಯಿಲೆಯ ಮಗುವಿಗೆ ಸಕ್ಕರೆ ಮಟ್ಟದ ಸೆನ್ಸರ್ ನೋಡಲು ಫೋನ್ ಬೇಕಾಗಬಹುದು. ಅದನ್ನು ಶಾಲೆಗೆ ತಿಳಿಸಿ ಅನುಮತಿ ಪಡೆಯಿರಿ. ವ್ಯಾನಿನಲ್ಲಿ ಬರುವ ಮಗುವಿನ ಬಗ್ಗೆ ಭಯವಿದ್ದರೆ, ಶಾಲೆ ಒಪ್ಪುವುದಾದರೆ, ಬಟನ್ ಫೋನ್ ಸಾಕು. ಗೇಟಿನೊಳಗೆ ಅದು ಆಫ್ ಇರಲಿ. ಉಳಿದಂತೆ ತುರ್ತು ಏನಿದ್ದರೂ ಶಾಲೆಯ ಆಫೀಸಿಗೆ ಫೋನ್ ಮಾಡಿ. ನಾಳೆಯಿಂದಲೇ ಶುರು ಮಾಡಿ.